ಸೂಕ್ಷ್ಮ ಸ್ವಭಾವದವರು ಕೊಳ್ಳಬೇಡಿ

ಜಪಾನಿನ ಆನ್‌ಲೈನ್ ಹರಾಜಿನಲ್ಲಿ ಹಳೇ ಸಾಮಾನು ಮಾರುವವರು ಕೊನೆಗೊಂದು ಸಾಲು ಬರೆದಿರುತ್ತಾರೆ. "ಅತಿ ಸೂಕ್ಷ್ಮ ಸ್ವಭಾವದವರು ದಯವಿಟ್ಟು ಕೊಳ್ಳಬೇಡಿ." ಅದರ ಕೆಳಗೆ, "ದೂರು ಇಲ್ಲ, ವಾಪಸ್ ಇಲ್ಲ." ಎಂಥ ಮರ್ಯಾದಸ್ಥ ಜನ ನೋಡಿ. ದುಡ್ಡು ಇಸ್ಕೊಳ್ಳುವ ಮೊದಲೇ ನಮ್ಮ ಸ್ವಭಾವ ವಿಚಾರಿಸುತ್ತಾರೆ. ನನ್ನ ಹೆಂಡತಿ ಇದನ್ನು ಫೋನಿನಲ್ಲಿ ಅನುವಾದ ಮಾಡಿಸಿ ಓದಿದಳು. "ನಮ್ಮ ಮದುವೆ ಮಾತುಕತೆ ಹೊತ್ತಲ್ಲಿ ನಿಮ್ಮ ಮನೆಯವರು ಇಷ್ಟು ಹೇಳಿದ್ರೂ ಸಾಕಿತ್ತು" ಅಂದಳು.

ನಾನು ಸೇರಿಸುವುದು ಕೆಂದಾಮ. ಅದರಲ್ಲೂ ತಯಾರಿಕೆ ನಿಂತುಹೋದ ಕೆಂದಾಮ. ನೋಡದವರಿಗೆ ಹೇಳಿಬಿಡುತ್ತೇನೆ. ಗೇಣುದ್ದವೂ ಇಲ್ಲದ ಒಂದು ಮರದ ಹಿಡಿ. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಸಣ್ಣ ಗುಳಿ. ಹಿಡಿಗೆ ಅಡ್ಡಲಾಗಿ ಸಿಕ್ಕಿಸಿದ ಇನ್ನೊಂದು ತುಂಡು. ಅದರ ಒಂದು ಕಡೆ ದೊಡ್ಡ ಬಟ್ಟಲು, ಇನ್ನೊಂದು ಕಡೆ ಚಿಕ್ಕದು. ಇದಕ್ಕೆ ದಾರ ಕಟ್ಟಿ ಒಂದು ಮರದ ಚೆಂಡು, ಸುಮಾರು 6 ಸೆಂಟಿಮೀಟರ್ ದಪ್ಪದ್ದು, ಅದಕ್ಕೊಂದು ತೂತು. ಚೆಂಡನ್ನು ಎಳೆದು ಬಟ್ಟಲಲ್ಲಿ ಕೂರಿಸಬೇಕು, ಇಲ್ಲವಾದರೆ ಮೊನೆಯನ್ನು ತೂತಿಗೆ ಸಿಕ್ಕಿಸಬೇಕು. ಇಷ್ಟೇ ಆಟ. ಇಷ್ಟಕ್ಕೇ 10ನೇ ಕ್ಯೂ ಅನ್ನುವ ಕೆಳದರ್ಜೆಯಿಂದ ಶುರುವಾಗಿ ದಾನ್ ಅನ್ನುವ ಮೇಲ್ದರ್ಜೆ ತನಕ ಪರೀಕ್ಷೆ, ಸರ್ಟಿಫಿಕೇಟು ಎಲ್ಲ ಇಟ್ಟಿದ್ದಾರೆ.

ಇದರ ವಂಶಾವಳಿಯೂ ಮಜವಾಗಿದೆ. ಫ್ರಾನ್ಸಿನಲ್ಲಿ ಬಿಲ್ಬೊಕೆ ಅಂತ ಇದರ ಹಿರಿಯ ನೆಂಟ ಒಂದಿತ್ತು. ಅಲ್ಲಿನ ರಾಜ ಮೂರನೇ ಹೆನ್ರಿಗೆ ಅದರ ಹುಚ್ಚು. ಬೀದಿಯಲ್ಲೂ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದನಂತೆ. ಎಡೊ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದ ನಡುವೆ, ಜಪಾನಿನ ದೊಡ್ಡವರು ಇದನ್ನು ಕುಡಿಯುವ ಹೊತ್ತಿನ ಆಟ ಮಾಡಿಕೊಂಡಿದ್ದರು. ತಪ್ಪಿಸಿದವನು ಇನ್ನೊಂದು ಬಟ್ಟಲು ಕುಡಿಯಬೇಕು. ಕುಡಿದಷ್ಟೂ ತಪ್ಪುತ್ತೆ, ತಪ್ಪಿದಷ್ಟೂ ಕುಡಿಯಬೇಕು. ಇಂಥ ನಿಯಮ ಬರೆದವನು ಖಂಡಿತ 'ಸಾಕೆ' ಅನ್ನುವ ಅಕ್ಕಿ ಮದ್ಯ ಮಾರುವವನ ಅಳಿಯ ಇರಬೇಕು.

ಈಗಿನ ರೂಪ ಬಂದಿದ್ದು ಹಿರೋಶಿಮಾ ಪ್ರಾಂತ್ಯದ ಕುರೆ ಊರಿನ ಎಗುಸಾ ಹಮಾಜಿ ಎಂಬಾತನಿಂದ. 1919ರಲ್ಲಿ ಅವನ ಹೆಸರಲ್ಲಿ ನೋಂದಣಿ ಆಯಿತು. ಕೆಂಪು ಚೆಂಡು ಸೂರ್ಯ, ಬಟ್ಟಲಿನ ಬಾಗು ಚಂದ್ರ ಅಂತ ಲೆಕ್ಕ ಹಾಕಿ 'ಸೂರ್ಯಚಂದ್ರ ಚೆಂಡು' ಅಂತ ಹೆಸರಿಟ್ಟ. ಅದೇ ಪ್ರಾಂತ್ಯದ ಹಾತ್ಸುಕೈಚಿ ಊರಿನಲ್ಲಿ ಮರ ಕಡೆಯುವವರು ಬೇಕಾದಷ್ಟು ಜನ ಇದ್ದರು. ಹಾಗಾಗಿ ತಯಾರಿಕೆ ಅಲ್ಲಿ ಶುರುವಾಯಿತು. 2014ರಿಂದ ಕೆಂದಾಮದ ವಿಶ್ವಕಪ್ ನಡೆಯುವುದೂ ಅಲ್ಲೇ. 1975ರಲ್ಲಿ ಮಕ್ಕಳ ಸಾಹಿತಿ ಫುಜಿವಾರಾ ಇಸ್ಸೆ ಒಂದು ಸಂಘ ಕಟ್ಟಿ, ಪಂದ್ಯಕ್ಕೆ ಬೇಕಾದ ಅಳತೆಗಳನ್ನು ನಿಗದಿ ಮಾಡಿದರು. ಅದಕ್ಕೂ ಮೊದಲು ಒಬ್ಬೊಬ್ಬರದು ಒಂದೊಂದು ಅಳತೆ. ನಮ್ಮಂಥವರ ಜೇಬಿಗೆ ತೂತು ಬೀಳುವುದು ಅಲ್ಲೇ.

ಸಂಗ್ರಹ ಮಾಡುವವರದು ಒಂಥರಾ ಕೆಟ್ಟ ಬುದ್ಧಿ. ಯಾವುದೋ ಊರಿನಲ್ಲಿ ವಯಸ್ಸಾದ ಕಡೆತದವನು ಲೇತ್ ನಿಲ್ಲಿಸಿದ, ಮಕ್ಕಳು ಪಟ್ಟಣದಲ್ಲಿ ಕಂಪ್ಯೂಟರ್ ಮುಂದೆ ಇದ್ದಾರೆ, ಇನ್ನು ಆ ಕೆಂದಾಮ ಬರುವುದಿಲ್ಲ ಅಂತ ಸುದ್ದಿ ಬರುತ್ತದೆ. ಮನುಷ್ಯ ಅಂದಮೇಲೆ 'ಅಯ್ಯೋ ಪಾಪ' ಅನ್ನಬೇಕು. ಅನ್ನುತ್ತೇವೆ. ಅನ್ನುವಷ್ಟರಲ್ಲಿ ಹೆಬ್ಬೆರಳು ಹರಾಜಿನ ಗುಂಡಿ ಒತ್ತಿರುತ್ತದೆ. ಯಮಗಾತಾ ಪ್ರಾಂತ್ಯದ ನಾಗಾಯಿ ಊರಿನ ಓಜೋರಾ ಅನ್ನುವ ಕೆಂದಾಮ ಇವತ್ತೂ ತಯಾರಾಗುತ್ತಿದೆ, ಆಡಲು ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಅಂಗಡಿಯಲ್ಲಿ ಸಿಗುವುದನ್ನು ಕೊಂಡರೆ ಅದು ಶಾಪಿಂಗ್ ಆಯಿತು. ಶಿನ್ ಫುಜಿ ಅಂತ ಒಂದಿತ್ತು, ಈಗ ಬರುವುದಿಲ್ಲ. ಹಾಗಾಗಿ ನಾವು ಅದರ ಹೆಸರು ಹೇಳುವಾಗ ದನಿ ಸ್ವಲ್ಪ ತಗ್ಗಿಸುತ್ತೇವೆ.

ಇದರಲ್ಲಿ ದೊಡ್ಡ ಸಂಕಟ ಒಂದಿದೆ. ಕೆಂದಾಮ ಇರುವುದೇ ಬಡಿಸಿಕೊಳ್ಳಲಿಕ್ಕೆ. ಮರಕ್ಕೆ ಮರ ತಾಗಬೇಕು. ಆಡಿ ಆಡಿ ಮೊನೆ ಸ್ವಲ್ಪ ಮೊಂಡಾಗಿ, ತೂತಿನ ಅಂಚು ಸವೆದು ನುಣುಪಾದ ಮೇಲೆಯೇ ಅದು ಕೈಮಾತು ಕೇಳುವುದು. ಬೆಲೆ ಇರುವುದು ಮಾತ್ರ ಒಮ್ಮೆಯೂ ಆಡದೆ ಡಬ್ಬಿಯಲ್ಲೇ ಮುದುಕಾದ ಕೆಂದಾಮಕ್ಕೆ. ಹಳೇ ಚೆಂಡುಗಳಿಗೆ ಹಚ್ಚಿದ್ದು ಹೊಳೆಯುವ ಗಟ್ಟಿ ಬಣ್ಣ. ಮೊನೆ ನಾಲ್ಕು ಸಲ ತಪ್ಪಿ ತಾಗಿದರೆ ಸಾಕು, ತೂತಿನ ಸುತ್ತ ಚಕ್ಕೆ ಎದ್ದು ಬಿಳಿ ಮರ ಇಣುಕುತ್ತದೆ. ಅದಕ್ಕೇ ಕೆಲವು ಮಾರಾಟಗಾರರು ಚೆಂಡನ್ನು ದಾರದ ಕಡೆಯಿಂದಲೇ ಫೋಟೋ ತೆಗೆಯುತ್ತಾರೆ. "ತೂತಿನ ಕಡೆಯ ಫೋಟೋ ಹಾಕ್ತೀರಾ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ. ನಾವು ಸೂಕ್ಷ್ಮ ಸ್ವಭಾವದವರು ಅಂತ ಅವರಿಗೆ ಗೊತ್ತಾಗಿಬಿಡುತ್ತದೆ.

ನಾವಿರುವುದು ಟೋಕಿಯೋದ ನಿಶಿಕಸಾಯಿಯಲ್ಲಿ. ನಮ್ಮವರು ತುಂಬ ಇರುವ ಕಡೆ. ಕರಿಬೇವಿಗೆ ತೊಂದರೆ ಇಲ್ಲ, ಗೋಡೆ ಮಾತ್ರ ತೆಳು. ಹೊಸದಾಗಿ ಬಂದ ಹಳೇ ಕೆಂದಾಮವನ್ನು ರಾತ್ರಿ ಎಲ್ಲರೂ ಮಲಗಿದ ಮೇಲೆ ಸುಮ್ನೆ ಒಂದು ಸಲ ಆಡಿ ನೋಡುವುದು ನನ್ನ ಅಭ್ಯಾಸ. ಒಂದು ಸಲ ಚೆಂಡಿನ ದಾರ ಹಳೆಯದಾಗಿತ್ತು. ಕಿತ್ತುಹೋಗಿ ಚೆಂಡು ನೆಲಕ್ಕೆ ಬಿತ್ತು. ಬಿದ್ದಿದ್ದು ಒಂದೇ ಸಲ ಆದರೆ ಹೇಗೋ ಆಗುತ್ತಿತ್ತು. ಅದು ಅಡುಗೆಮನೆ ತನಕ ಪುಟಿಯುತ್ತಾ ಹೋಯಿತು.

ನಮ್ಮೂರಾಗಿದ್ದರೆ ಕೆಳಗಿನವರು ಬಂದು ಬಾಗಿಲು ಬಡಿಯುತ್ತಿದ್ದರು, ಬೈದು ಕಾಫಿ ಕುಡಿದು ಹೋಗುತ್ತಿದ್ದರು. ಇಲ್ಲಿ ಲಿಫ್ಟಿನಲ್ಲಿ ಒಂದು ಕಾಗದ ಬಂತು. "ರಾತ್ರಿ ಹೊತ್ತು ಗಟ್ಟಿ ವಸ್ತು ನೆಲಕ್ಕೆ ಬೀಳುವ ಸದ್ದಿನ ಬಗ್ಗೆ ನಿವಾಸಿಗಳಿಂದ ಅಭಿಪ್ರಾಯ ಬಂದಿದೆ. ಎಲ್ಲರೂ ಸಹಕರಿಸಬೇಕೆಂದು ವಿನಂತಿ." ಮನೆ ನಂಬರ್ ಇಲ್ಲ. ಹೆಸರಿಲ್ಲ. ಕೆಳಗೆ ಬಗ್ಗಿ ನಮಸ್ಕಾರ ಮಾಡುತ್ತಿರುವ ಒಂದು ಮುದ್ದಾದ ಗೊಂಬೆ ಚಿತ್ರ. ಅದರ ಮುಖ ನನ್ನ ಥರಾನೇ ಇತ್ತು ಅಂತ ನನ್ನ ಅನುಮಾನ.

ಕೆಳಮನೆಯ ಹಿರಿಯರು ಒಂದು ಸಂಜೆ ಲಿಫ್ಟಿನಲ್ಲಿ ಸಿಕ್ಕರು. ಇಬ್ಬರೂ ಸೇರಿ ಆ ಕಾಗದವನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ಓದಿದೆವು. "ಯಾರಿರಬಹುದು" ಅಂದೆ. "ಯಾರಿರಬಹುದು" ಅಂದರು. ಬಾಗಿಲು ತೆರೆದಾಗ ಮೆಲ್ಲಗೆ ಕೇಳಿದರು, "ಬಿದ್ದಿದ್ದು ಬಿಡಿ. ಅದಕ್ಕೆ ಮೊದಲು ಆಡೋದು ಮೊಶಿಕಮೆ ಅಲ್ವಾ?"

ಮೊಶಿಕಮೆ ಅಂದರೆ ದೊಡ್ಡ ಬಟ್ಟಲಿಂದ ಹಿಡಿಯ ತಳದ ಗುಳಿಗೆ, ಅಲ್ಲಿಂದ ಮತ್ತೆ ದೊಡ್ಡ ಬಟ್ಟಲಿಗೆ ಚೆಂಡನ್ನು ಕುಣಿಸುತ್ತಾ ಹೋಗುವುದು. ಆಮೆ ಮೊಲದ ಶಿಶುಗೀತೆ ಒಂದಿದೆ, ಅದರ ತಾಳಕ್ಕೆ. ಟಕ್, ಟಕ್, ಟಕ್, ಟಕ್. ಬೇಸಿಗೆಯಲ್ಲಿ ಬಾಲ್ಕನಿ ಬಾಗಿಲು ತೆರೆದೇ ಇರುತ್ತದೆ, ತಾಳ ಕೆಳಗಿಳಿದಿದೆ. "ನೀವು ನೂರು ಮುಟ್ಟೋದೇ ಇಲ್ಲ" ಅಂದರು ಹಿರಿಯರು, ತುಂಬ ವಿನಯದಿಂದ. "ನಾನು ಮಲಗಿಕೊಂಡು ಎಣಿಸ್ತಾ ಇರ್ತೇನೆ. ಎಂಬತ್ತರ ಹತ್ತಿರ ಬೀಳಿಸಿಬಿಡ್ತೀರಿ. ಆಮೇಲೆ ನಿದ್ದೆ ಬರೋದಿಲ್ಲ." ಅಂದರೆ ದೂರು ಸದ್ದಿನ ಮೇಲಲ್ಲ, ಗುಣಮಟ್ಟದ ಮೇಲೆ. ಅಂದಿನಿಂದ ಮೊಣಕಾಲು ಎಷ್ಟು ಬಗ್ಗಿಸಬೇಕು ಅನ್ನುವ ಪಾಠ ಲಿಫ್ಟಿನಲ್ಲೇ ನಡೆಯುತ್ತಿದೆ.

ಮನೆಯೊಳಗಿನ ಕಥೆ ಬೇರೆ. ಮಗಳು ಎಡಗೈಯವಳು. ಹಳೇ ಕೆಂದಾಮದಲ್ಲಿ ದಾರ ಹೊರಬರುವ ತೂತು ಒಂದೇ ಕಡೆ ಇರುತ್ತದೆ. ಅಡ್ಡತುಂಡನ್ನು ಹಿಂದುಮುಂದಾಗಿ ಸಿಕ್ಕಿಸಿದರೆ ಅದು ಎಡಗೈಯದಾಗುತ್ತದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ಬಿಗಿಯಾಗಿ ಕೂತಿರುತ್ತದೆ ಅಷ್ಟೇ. ಇದು ಅವಳಿಗೆ ಗೊತ್ತಾಗಬಾರದಿತ್ತು, ಗೊತ್ತಾಯಿತು. ಒಂದು ಭಾನುವಾರ ಗೆಳತಿಯರು ಬಂದಿದ್ದರು. ನಾನು ತರಕಾರಿ ತಂದು ಬರುವಷ್ಟರಲ್ಲಿ ಕಪಾಟಿನಲ್ಲಿದ್ದ ಎಲ್ಲ ಕೆಂದಾಮಗಳನ್ನೂ ಎಡಗೈ ಬಲಗೈ ಅಂತ ಬಿಚ್ಚಿ, ಆಡಿ, ತಿರುಗಿ ಜೋಡಿಸಿ, ನೀಟಾಗಿ ಡಬ್ಬಿಗೆ ಹಾಕಿ ಇಟ್ಟಿದ್ದರು. ಯಾರದೋ ಹಿಡಿಗೆ ಯಾರದೋ ಬಟ್ಟಲು, ಮತ್ಯಾರದೋ ಚೆಂಡು. ರಾತ್ರಿಯಿಡೀ ಅಡುಗೆಮನೆ ತಕ್ಕಡಿ ಇಟ್ಟುಕೊಂಡು ಚೆಂಡುಗಳನ್ನು ತೂಗಿ, ಲೈಟಿನ ಕೆಳಗೆ ಮರದ ಗೆರೆ ನೋಡಿ, ಇದು ಚೆರ್ರಿ, ಇದು ಬೀಚ್ ಅಂತ ಸಂಸಾರಗಳನ್ನು ಕೂಡಿಸಿದೆ. ಎರಡು ಹಿಡಿಗಳ ಮೇಲೆ ನನಗಿನ್ನೂ ಸಂಶಯ ಇದೆ. ಮಾರನೇ ದಿನ ಒಬ್ಬ ಗೆಳತಿಯ ತಾಯಿ ಸಿಹಿತಿಂಡಿಯ ಡಬ್ಬಿ ಹಿಡಿದು ಕ್ಷಮೆ ಕೇಳಲು ಬಂದರು. ಖಾಲಿ ಕೈಯಲ್ಲಿ ಕಳಿಸಲಾಗುತ್ತದೆಯೇ? ನಾವು ಕೋಡುಬಳೆ ಕೊಟ್ಟೆವು. ಅದಕ್ಕೆ ಅವರು ದ್ರಾಕ್ಷಿ ಕಳಿಸಿದರು. ಈ ವ್ಯವಹಾರ ಎಲ್ಲಿಗೆ ನಿಲ್ಲುತ್ತದೋ ಗೊತ್ತಿಲ್ಲ.

ಅಮ್ಮ ತುಮಕೂರಿನಿಂದ ಬಂದಿದ್ದು ದಸರೆಗೆ. ಕಪಾಟಿನ ಮುಂದೆ ನಿಂತು, "ಇಷ್ಟೊಂದು ಊದುಬತ್ತಿ ಸ್ಟ್ಯಾಂಡು ಯಾಕೋ?" ಅಂದಳು. ಜೋರಾಗಿ ನಕ್ಕುಬಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ ನಿಜವಾಗಲೂ ಸ್ಟ್ಯಾಂಡೇ. ದಾರವಿಲ್ಲದೆ ಬಂದಿದ್ದ ಒಂದು ಹಳೇ ಕೆಂದಾಮವನ್ನು ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದಳು. ಮೊನೆಯ ಮೇಲೆ ಚೆಂಡು ಕೂತಿತ್ತು. ಚೆಂಡಿನ ನೆತ್ತಿಯಲ್ಲಿ ದಾರಕ್ಕೆಂದು ಸಣ್ಣ ತೂತು ಇರುತ್ತದಲ್ಲ, ಅದರಲ್ಲಿ ಊದುಬತ್ತಿ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು. ಆದರೂ ಅಮ್ಮನಿಗೆ ಸಮಾಧಾನ ಇಲ್ಲ. "ಮಾಡಿದವನಿಗೆ ಅಷ್ಟೂ ಗೊತ್ತಾಗ್ಲಿಲ್ವಾ? ಬಟ್ಟಲನ್ನ ಅಡ್ಡಡ್ಡ ಇಟ್ಟವನೆ. ಬೂದಿಯೆಲ್ಲ ಕೆಳಗೆ ಬೀಳುತ್ತೆ ನೋಡು." ನೂರು ವರ್ಷದಲ್ಲಿ ಯಾರೂ ಎತ್ತದ ತಕರಾರು.

ಆಯುಧ ಪೂಜೆಯ ದಿನ ಲ್ಯಾಪ್‌ಟಾಪು, ರೈಸ್ ಕುಕ್ಕರು, ಸೈಕಲ್ಲು ಎಲ್ಲಕ್ಕೂ ಅರಿಶಿನ ಕುಂಕುಮ ಆಯಿತು. ಕೆಂದಾಮಗಳಿಗೂ ಆಯಿತು. ಕೆಂಪು ಚೆಂಡಿನ ಮೇಲೆ ಕುಂಕುಮ ಕಾಣುವುದಿಲ್ಲ, ಚಿಂತೆಯಿಲ್ಲ. ಬಣ್ಣ ಹಚ್ಚದ ಹಿಡಿಗೆ ಇಟ್ಟ ಅರಿಶಿನ ಮಾತ್ರ ಮರ ಕುಡಿದುಬಿಟ್ಟಿದೆ. ಮುಂದೆ ಎಂದಾದರೂ ಮಾರಬೇಕಾಗಿ ಬಂದರೆ 'ಹಳದಿ ಕಲೆ ಇದೆ, ವಿಧಿವತ್ತಾಗಿ ಪೂಜಿಸಲಾಗಿದೆ' ಅಂತ ಜಪಾನಿ ಭಾಷೆಯಲ್ಲಿ ಹೇಗೆ ಬರೆಯುವುದೋ.

ಹಾಗೆ ನೋಡಿದರೆ ಈ ಆಟದಲ್ಲಿ ಇಡೀ ದೇಶದ ಎದುರು ಪೇಚಿಗೆ ಸಿಕ್ಕವರಿದ್ದಾರೆ. ಡಿಸೆಂಬರ್ 31ರ ರಾತ್ರಿ ಜಪಾನಿನ ಎನ್‌ಎಚ್‌ಕೆ ಟಿವಿಯ ಹಾಡಿನ ಕಾರ್ಯಕ್ರಮದಲ್ಲಿ ಗಾಯಕ ಮಿಯಾಮಾ ಹಿರೋಶಿ ಹಾಡುತ್ತಿದ್ದರೆ, ಸಾಲಾಗಿ ನಿಂತವರು ಒಬ್ಬರಾದ ಮೇಲೆ ಒಬ್ಬರು ಚೆಂಡನ್ನು ದೊಡ್ಡ ಬಟ್ಟಲಲ್ಲಿ ಕೂರಿಸಬೇಕಿತ್ತು. ಗಿನ್ನೆಸ್ ದಾಖಲೆಗೆ. 2023ರಲ್ಲಿ 128 ಜನ ನಿಂತರು, ದಾಖಲೆ ಆಯಿತು ಅಂತ ಘೋಷಣೆಯೂ ಆಯಿತು. ಆಮೇಲೆ ವಿಡಿಯೋ ನೋಡಿದರೆ 16ನೆಯವರ ಚೆಂಡು ಕೂತೇ ಇರಲಿಲ್ಲ. ದಾಖಲೆ ರದ್ದು. ಕೆಳಮನೆಯ ಹಿರಿಯರಿಗೆ ಅವರ ಮೇಲೆ ಇವತ್ತಿಗೂ ಕನಿಕರ. "ಮೊಣಕಾಲು ಬಗ್ಗಿಸಿರಲಿಕ್ಕಿಲ್ಲ" ಅನ್ನುತ್ತಾರೆ.

ಹೋದ ಸಲ ಊರಿಗೆ ಹೋದಾಗ ಒಂದು ಆಸೆ ಹುಟ್ಟಿತು. ಚನ್ನಪಟ್ಟಣದ ಬೊಂಬೆ ಕೆಲಸಕ್ಕೆ ಬಾವಾಸ್ ಮಿಯಾ ಅವರು ಜಪಾನಿನ ಅರಗಿನ ಕುಸುರಿಯನ್ನು ತಂದರು ಅಂತ ಹೇಳುತ್ತಾರಲ್ಲ. ಹಾಗಿದ್ದ ಮೇಲೆ ಕೆಂದಾಮವನ್ನು ಅಲ್ಲಿ ಯಾಕೆ ಮಾಡಿಸಬಾರದು? ಒಂದನ್ನು ಮಾದರಿಗೆ ಹಿಡಿದುಕೊಂಡು ಹೋದೆ. ಲೇತಿನ ಮುಂದೆ ಕೂತಿದ್ದವರು ಅದನ್ನು ತಿರುಗಿಸಿ ನೋಡಿದರು.

"ಎಷ್ಟು ಬೇಕು ಸಾರ್? ಐನೂರು?"

"ಒಂದು, ಭಾಯ್."

ಅವರು ನನ್ನನ್ನು ನೋಡಿದರು. ಮಾದರಿಯನ್ನು ನೋಡಿದರು. ಪಾಪ, ದೂರದಿಂದ ಬಂದಿದ್ದಾರೆ ಅಂತ ಶುರುಮಾಡಿದರು. ಹಾಲೆ ಮರದ ತುಂಡು ಲೇತಿಗೆ ಕೂತು ಗರಗರ ತಿರುಗಿತು. ಚೆಂಡು ಚಿಟಿಕೆ ಹೊಡೆಯುವಷ್ಟರಲ್ಲಿ ಆಯಿತು. ತಿರುಗುವ ಚೆಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಆ ಬಿಸಿಗೇ ಬಣ್ಣ ಕರಗಿ ಹತ್ತಿಕೊಂಡು, ಒಣಗರಿಯಲ್ಲಿ ತಿಕ್ಕಿದಾಗ ಕನ್ನಡಿಯ ಹೊಳಪು. ಕಷ್ಟ ಬಂದಿದ್ದು ಅಡ್ಡತುಂಡಿಗೆ. ಒಂದು ಕಡೆ ದೊಡ್ಡ ಬಟ್ಟಲು, ಇನ್ನೊಂದು ಕಡೆ ಚಿಕ್ಕದು, ನಡುವೆ ಹಿಡಿ ಬಿಗಿಯಾಗಿ ಕೂರುವ ತೂತು. ಮೊದಲನೆಯದು ಸೀಳಿತು. ಎರಡನೆಯದು ಸಡಿಲವಾಯಿತು. ಮೂರನೆಯದು ಹೇಗೋ ಕೂತಿತು. ಅವರು ಬೆವರು ಒರೆಸಿಕೊಂಡು, "ತಗೊಳ್ಳಿ ಸಾರ್. ಇನ್ನು ಇದನ್ನ ಮಾಡಲ್ಲ. ದುಡ್ಡು ಎಷ್ಟು ಕೊಟ್ರೂ ಮಾಡಲ್ಲ" ಅಂದರು.

ಹಳದಿ ಚೆಂಡು, ಹಸಿರು ಪಟ್ಟೆ. ಕೆಳಮನೆಯ ಹಿರಿಯರಿಗೆ ತೋರಿಸಿದೆ. ಅವರು ಚೆಂಡನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಹಿಡಿಯನ್ನು ನಿಲ್ಲಿಸಲು ನೋಡಿದರು. ಅದಕ್ಕೆ ದೀಪಸ್ತಂಭ ಅನ್ನುತ್ತಾರೆ. ಅರಗಿನ ನುಣುಪಿಗೆ ನಿಲ್ಲುವ ಮಾತೇ ಇಲ್ಲ, ಜಾರಿ ಜಾರಿ ಬೀಳುತ್ತದೆ. ಆಡಲಿಕ್ಕೆ ನಾಲಾಯಕ್ಕು. ಅವರು ತಲೆದೂಗಿ ಕೇಳಿದರು, "ಇದು ಎಷ್ಟು ತಯಾರಾಗಿದೆ?"

"ಒಂದೇ. ತಯಾರಿಕೆ ಅವತ್ತೇ ನಿಂತುಹೋಯಿತು."

ಆ ಕಣ್ಣಿನ ಹೊಳಪು ನನಗೆ ಚೆನ್ನಾಗಿ ಗೊತ್ತು. ಅರ್ಧ ಗಂಟೆಯೊಳಗೆ ಮೇಲೆ ಬಂದರು, ಕೈಯಲ್ಲಿ ಬಟ್ಟೆ ಸುತ್ತಿದ ಕೆಂದಾಮ. ಅವರು ಚಿಕ್ಕಂದಿನಲ್ಲಿ ಆಡಿದ್ದು, ಸಂಘದ ಅಳತೆ ಬರುವುದಕ್ಕೂ ಮೊದಲಿನದು. ಹಿಡಿಯ ಮೇಲೆ ಮಕ್ಕಳ ಅಕ್ಷರದಲ್ಲಿ ಅವರ ಹೆಸರು. ಅದಲು ಬದಲು ಮಾಡಿಕೊಳ್ಳೋಣವೇ ಅಂದರು. ನನ್ನ ಬಾಯಿ ಒಣಗಿತು. ಎರಡೂ ಬೇಕು, ಯಾವುದನ್ನೂ ಬಿಡುವ ಹಾಗಿಲ್ಲ.

ಹೆಂಡತಿ ಚಹಾ ತಂದಿಟ್ಟು ನನ್ನ ಕಡೆ ಬಗ್ಗಿ ಕನ್ನಡದಲ್ಲಿ ಹೇಳಿದಳು: "ಕೊಟ್ಟುಬಿಡ್ರೀ. ಚನ್ನಪಟ್ಟಣದಲ್ಲಿ ಲೇತ್ ಇಟ್ಟಿರೋರು ಎಷ್ಟು ಜನ ಇಲ್ಲ? ಒಬ್ಬೊಬ್ಬರ ಹತ್ರ ಒಂದೊಂದು ಮಾಡಿಸ್ತಾ ಹೋಗಿ. ಎಲ್ಲರೂ ಒಂದಕ್ಕೇ ನಿಲ್ಲಿಸ್ತಾರೆ."