ಕಾರ್ಡ್ ಪಂದ್ಯದ ನಡುವೆ ಟಿಪ್ಪಣಿ ಬರೆದುಕೊಳ್ಳಲು ಅವಕಾಶ ಇರಬೇಕೆ?

ಪರ

‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡ್ ಆಟದಲ್ಲಿ ‘ಥಾಟ್‌ಸೀಜ್’ ಎಂಬ ಕಾರ್ಡನ್ನು ಆಡಿದವರು ತಮ್ಮ 2 ಲೈಫ್ (ಪೂರ್ತಿ ಮುಗಿದರೆ ಆಟ ಸೋತಂತಾಗುವ ಅಂಕ) ಕಳೆದುಕೊಂಡು ಎದುರಾಳಿಯ ಕೈಯಲ್ಲಿರುವ ಕಾರ್ಡುಗಳನ್ನೆಲ್ಲ ನೋಡುತ್ತಾರೆ. ಬೆಲೆ ತೆತ್ತು ಪಡೆದ ಈ ಮಾಹಿತಿಯನ್ನು ಬರೆದಿಟ್ಟುಕೊಳ್ಳುವುದು ಆಟಗಾರರ ಹಕ್ಕೆಂದೇ ನನ್ನ ಭಾವನೆ. ನಾಲ್ಕೈದು ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಅವು ಎದುರಾಳಿಯ ಕೈಯಲ್ಲಿವೆ ಎಂದು ತಿಳಿದ ಮೇಲೆ ಯಾವಾಗ ದಾಳಿ ಮಾಡಬೇಕು, ಯಾವಾಗ ಕಾಯಬೇಕು ಎಂದು ನಿರ್ಧರಿಸುವುದರಲ್ಲೇ ಈ ಆಟದ ಜಾಣ್ಮೆ ಇದೆ. ದಿನವಿಡೀ ಸುತ್ತಿನ ಮೇಲೆ ಸುತ್ತು ಆಡಿ ದಣಿದವರು ಮರೆವಿನಿಂದ ಸೋತರೆ, ಯಾರ ಆಟ ಮೇಲು ಎಂಬುದು ತೀರ್ಮಾನವಾದಂತಾಗುವುದಿಲ್ಲ.

ಮ್ಯಾಜಿಕ್‌ನ ಪಂದ್ಯಾವಳಿ ನಿಯಮಗಳು ಈ ಹಕ್ಕನ್ನು ಕೊಡುವುದರ ಜೊತೆಗೆ ಅದಕ್ಕೆ ಬೇಲಿಯನ್ನೂ ಹಾಕಿವೆ. ಪಂದ್ಯ ಖಾಲಿ ಹಾಳೆಯಿಂದಲೇ ಆರಂಭವಾಗಬೇಕು, ಹಾಳೆ ಸದಾ ಕಣ್ಣಿಗೆ ಕಾಣುವಂತಿರಬೇಕು, ಆಟ ನಡೆಯುವಾಗ ಹಿಂದಿನ ಪಂದ್ಯಗಳ ಟಿಪ್ಪಣಿಯನ್ನು ನೋಡುವಂತಿಲ್ಲ. ಎದುರಾಳಿಗೆ ಅದನ್ನು ತೋರಿಸಬೇಕಿಲ್ಲವಾದರೂ, ಜಡ್ಜ್ ಕೇಳಿದರೆ ತೋರಿಸಿ ವಿವರಿಸಬೇಕು. ಆದ್ದರಿಂದ ಒಬ್ಬರು ಕನ್ನಡದಲ್ಲೇ ಬರೆದುಕೊಂಡರೂ ಗುಟ್ಟಿನ ಮಾತು ಬರುವುದಿಲ್ಲ. ಪದ ಕಟ್ಟುವ ಆಟವಾದ ಸ್ಕ್ರ್ಯಾಬಲ್ ಪಂದ್ಯಗಳಲ್ಲಿ ಬಳಕೆಯಾದ ಅಕ್ಷರಬಿಲ್ಲೆಗಳನ್ನು ಹಾಳೆಯಲ್ಲಿ ಹೊಡೆದುಹಾಕುತ್ತಾ ಹೋಗುವುದು ಮಾಮೂಲು ಸಂಗತಿ. ಅದರಿಂದ ಆ ಆಟದ ಘನತೆಗೆ ಕುಂದು ಬಂದಿಲ್ಲ.

ಲೈಫ್ ಎಣಿಕೆಯಲ್ಲಿ ತಕರಾರು ಎದ್ದಾಗಲಂತೂ, 20ರಿಂದ 17, 17ರಿಂದ 12 ಎಂದು ಕ್ರಮವಾಗಿ ಬರೆದ ಹಾಳೆಯಷ್ಟು ನೆರವು ಜಡ್ಜ್‌ಗೆ ಬೇರೆ ಯಾವುದರಿಂದಲೂ ಸಿಗುವುದಿಲ್ಲ.

ವಿರೋಧ

ಲೈಫ್ ಎಣಿಕೆಯನ್ನು ಬರೆಯಬಾರದೆಂದು ಯಾರೂ ಹೇಳುತ್ತಿಲ್ಲ. ‘ಯು-ಗಿ-ಓ!’ ಎಂಬ ಇನ್ನೊಂದು ಕಾರ್ಡ್ ಆಟದ ಪಂದ್ಯಗಳಲ್ಲೂ 8000ದಿಂದ ಇಳಿಯುವ ಲೈಫ್ ಪಾಯಿಂಟ್‌ಗಳನ್ನು ಬರೆದಿಡುತ್ತಾರೆ. ಆದರೆ ಎದುರಾಳಿಯ ಕೈಯಲ್ಲಿ ಕಂಡದ್ದನ್ನು ಬರೆದುಕೊಳ್ಳಲು ಅಲ್ಲಿ ಅವಕಾಶವಿಲ್ಲ. ಆ ಗೆರೆಯೇ ಸರಿಯಾದದ್ದು. ಎದುರಾಳಿಯ ಕೈಯನ್ನು ಒಂದು ಕ್ಷಣ ನೋಡಿ, ಅದನ್ನು ಮನಸ್ಸಿನಲ್ಲಿ ಹಿಡಿದಿಟ್ಟು, ಹತ್ತು ನಿಮಿಷಗಳ ನಂತರ ತಕ್ಕ ಸಮಯಕ್ಕೆ ಬಳಸುವುದು ಅಭ್ಯಾಸದಿಂದಲೇ ಬರುವ ಶಕ್ತಿ. ಅದನ್ನು ಬಾಯಿಪಾಠವೆಂದು ತಳ್ಳಿಹಾಕುವುದು ವರ್ಷಗಟ್ಟಲೆ ದುಡಿದವರಿಗೆ ಮಾಡುವ ಅನ್ಯಾಯ.

ಚೆಸ್ ಆಟಗಾರರೂ ಬರೆಯುತ್ತಾರಲ್ಲ ಎಂದು ಕೇಳುವವರು ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮಗಳನ್ನು ಗಮನಿಸಬೇಕು. ಅಲ್ಲಿ ಆಡಿದ ನಡೆಯನ್ನು ದಾಖಲಿಸುವುದು ಕಡ್ಡಾಯವಾದರೂ, ಡ್ರಾ ಕೋರುವಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ನಡೆಯನ್ನು ಮುಂಚಿತವಾಗಿ ಬರೆಯುವಂತಿಲ್ಲ, ಟಿಪ್ಪಣಿಗಳ ನೆರವು ಪಡೆಯುವಂತಿಲ್ಲ.

ನನಗೆ ಹೆಚ್ಚು ಕಳವಳ ತರುವುದು ಒಂದು ಪಂದ್ಯದೊಳಗಿನ ಎರಡು ಆಟಗಳ ನಡುವಿನ ಅವಧಿ. ಆಗ ಮ್ಯಾಜಿಕ್ ಆಟಗಾರರು ಮೊದಲೇ ಸಿದ್ಧಪಡಿಸಿ ತಂದ ಚಿಕ್ಕ ಟಿಪ್ಪಣಿಯನ್ನು ತೆಗೆದು ನೋಡಬಹುದು. ಆಟಗಳ ನಡುವೆ ಬದಲಾಯಿಸಿಕೊಳ್ಳಲೆಂದು ಪಕ್ಕಕ್ಕಿಟ್ಟ 15 ಕಾರ್ಡುಗಳ ಸೈಡ್‌ಬೋರ್ಡ್‌ನಿಂದ ಯಾವುದನ್ನು ಡೆಕ್ಕಿಗೆ (ಆಡುವ ಕಾರ್ಡುಗಳ ಕಟ್ಟಿಗೆ) ಸೇರಿಸಬೇಕು, ಯಾವುದನ್ನು ಹೊರಗಿಡಬೇಕು ಎಂಬುದು ಪಂದ್ಯದ ದಿಕ್ಕನ್ನೇ ಬದಲಿಸಬಲ್ಲ ನಿರ್ಧಾರ. ಇಂಥ ಪಟ್ಟಿಗಳನ್ನು ನುರಿತ ಆಟಗಾರರು ಹಣಕ್ಕೆ ಮಾರುತ್ತಾರೆ. ಕೊಂಡವರು ಅದನ್ನು ಹಾಳೆಗಿಳಿಸಿ ತಂದರೆ, ಆ ಗಳಿಗೆಯಲ್ಲಿ ಮೇಜಿನ ಮುಂದೆ ಯೋಚಿಸುತ್ತಿರುವವರು ಯಾರು? ನಿರ್ಧಾರವೇ ಆಟದ ಜೀವ ಎನ್ನುವವರು ಮೊದಲು ಈ ಹಾಳೆಯನ್ನು ವಿರೋಧಿಸಬೇಕಿತ್ತು.

ಸಮಯದ ಪ್ರಶ್ನೆಯೂ ಇದೆ. 50 ನಿಮಿಷಗಳ ಸುತ್ತಿನಲ್ಲಿ ಒಬ್ಬರು ಬರೆಯುವಾಗ ಕಳೆಯುವ ಹೊತ್ತು ಇಬ್ಬರದೂ ಹೌದು. ಹಾಳೆಯ ಮೇಲೆ ಲೈಫ್ ಮತ್ತು ಸರದಿಯ ಲೆಕ್ಕ ಮಾತ್ರ ಇರಲಿ. ಮನೆಯಿಂದ ತಂದ ಪಟ್ಟಿ ಪಂದ್ಯ ಮುಗಿಯುವವರೆಗೆ ಚೀಲದಲ್ಲೇ ಉಳಿಯಲಿ.