ಹೊಲಿದವಳ ಹೆಸರೆಲ್ಲಿ?

ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರದ ಪ್ರದರ್ಶನವೊಂದನ್ನು ನೋಡಿ ಈಗಷ್ಟೇ ಮನೆಗೆ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಗೋಡೆಯ ತುಂಬ ಹ್ಮಾಂಗ್ ಜನಾಂಗದ ಹೆಂಗಸರು ಹೊಲಿದ ಕಥಾವಸ್ತ್ರಗಳು, ಅಂದರೆ ಕಸೂತಿಯಲ್ಲೇ ಕಥೆ ಹೇಳುವ ಬಟ್ಟೆಗಳು. ಪ್ರತಿಯೊಂದರ ಕೆಳಗೂ ‘ಹ್ಮಾಂಗ್ ನಿರಾಶ್ರಿತರು, ಥಾಯ್ಲೆಂಡ್’ ಎಂಬ ಒಂದೇ ಚೀಟಿ. ದಾನ ಕೊಟ್ಟವರ ಹೆಸರಿತ್ತು, ಹೊಲಿದವಳ ಹೆಸರು ಒಂದರಲ್ಲೂ ಇರಲಿಲ್ಲ.

ಲಾವೋಸಿನ ಗುಡ್ಡಗಾಡಿನ ಈ ಜನರನ್ನು 1960ರ ದಶಕದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕಮ್ಯುನಿಸ್ಟರ ವಿರುದ್ಧದ ತನ್ನ ರಹಸ್ಯ ಯುದ್ಧಕ್ಕೆ ಸೇರಿಸಿಕೊಂಡಿತು. 1964ರಿಂದ 1973ರವರೆಗೆ ಆ ಪುಟ್ಟ ದೇಶದ ಮೇಲೆ ಬಿದ್ದ ಬಾಂಬು 20 ಲಕ್ಷ ಟನ್ನಿಗೂ ಹೆಚ್ಚು. 1975ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಡೆ ಪಾಥೆಟ್ ಲಾವೋ ಅಧಿಕಾರ ಹಿಡಿದಾಗ ಹ್ಮಾಂಗ್ ಕುಟುಂಬಗಳು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಬಾನ್ ವಿನಾಯ್‌ನಂಥ ಶಿಬಿರಗಳನ್ನು ಸೇರಿದವು. ಅದುವರೆಗೆ ಬಟ್ಟೆಯ ಮೇಲೆ ಸುರುಳಿ, ಚೌಕಗಳನ್ನು ಮೂಡಿಸುತ್ತಿದ್ದ ಹೆಂಗಸರು ಶಿಬಿರದಲ್ಲಿ ಕುಳಿತು ವಿಮಾನ, ಸೈನಿಕ, ನದಿಗಳನ್ನು ಹೊಲಿಯತೊಡಗಿದರು. ಮಾರಿ ನಾಲ್ಕು ಕಾಸು ಸಂಪಾದಿಸುವುದಕ್ಕೂ, ನಡೆದದ್ದನ್ನು ಹೇಳುವುದಕ್ಕೂ.

ನಾನು ಕಸೂತಿ ಹಾಕುತ್ತ ಬೆಳೆದವಳೆಂಬುದು ನಿಮಗೆಲ್ಲ ಗೊತ್ತು. ಹಾಗಾಗಿ ನನ್ನ ಕಣ್ಣು ಮೊದಲು ಎಳೆಗಳ ಮೇಲೆ ಹೋಯಿತು. ಒಂದು ಬಟ್ಟೆಯಲ್ಲಿ ನದಿಯ ನಡುವೆ ಬಿದಿರು ಹಿಡಿದು ತೇಲುತ್ತಿರುವ ಹೆಂಗಸೊಬ್ಬಳಿದ್ದಾಳೆ. ಬೆನ್ನಿಗೆ ಮಗು. ನೀರಿನ ಎಳೆಗಳೆಲ್ಲ ಅಡ್ಡಕ್ಕೆ ಸಾಗಿದ್ದರೆ, ಮಗುವನ್ನು ಕಟ್ಟಿದ ಬಟ್ಟೆಯ ಎಳೆಗಳು ಮಾತ್ರ ಓರೆಯಾಗಿ, ಬಿಗಿಯಾಗಿ, ಒಂದರ ಪಕ್ಕದಲ್ಲಿ ಒಂದು ಅಂಟಿಕೊಂಡಂತೆ ಬಂದಿವೆ. ಆ ಗಂಟು ಸಡಿಲಗೊಳ್ಳುವುದಿಲ್ಲವೆಂದು ನೋಡಿದವರಿಗೆ ತಾನಾಗಿಯೇ ತಿಳಿಯುತ್ತದೆ. ಇದು ಕೈಗೆ ಬಂದಂತೆ ಹೊಲಿದದ್ದಲ್ಲ, ಯೋಚಿಸಿ ಹೊಲಿದದ್ದು. ನನ್ನ ಪಕ್ಕದಲ್ಲಿ ನಿಂತವರು ‘ಪಾಪ, ಎಷ್ಟು ಕಷ್ಟಪಟ್ಟಿದ್ದಾರೆ’ ಎಂದು ಮುಂದೆ ಹೋದರು. ಕಷ್ಟಪಟ್ಟದ್ದು ನಿಜ. ಆದರೆ ಕಷ್ಟಪಟ್ಟವರೆಲ್ಲ ಹೀಗೆ ಹೊಲಿಯಬಲ್ಲರೇ?

ಗಂಡಸರು ಚಿತ್ರ ಬರೆದುಕೊಡುತ್ತಿದ್ದರು, ಒಂದೇ ಬಟ್ಟೆಗೆ ಹಲವರು ಕೈ ಹಚ್ಚುತ್ತಿದ್ದರು, ಆದ್ದರಿಂದ ಯಾರೊಬ್ಬರ ಹೆಸರನ್ನೂ ಹಾಕಲಾಗದು ಎಂದು ಅಲ್ಲಿಯವರೊಬ್ಬರು ವಿವರಿಸಿದರು. ಹಲವರಿದ್ದರೆ ಹಲವರ ಹೆಸರು ಹಾಕಬಹುದಲ್ಲ! ನಿರಾಶ್ರಿತರೆಂದು ನೋಂದಾಯಿಸಿಕೊಳ್ಳುವಾಗ ಇದೇ ಜನರ ಹೆಸರು ಬರೆದುಕೊಳ್ಳಲು ಸಾಧ್ಯವಾಗಿತ್ತು. ಓದುಬರಹ ಬಾರದ ಎಷ್ಟೋ ಹೆಂಗಸರು ಕೊಳ್ಳುವವರಿಗಾಗಿ ಇಂಗ್ಲಿಷ್ ಅಕ್ಷರಗಳನ್ನೂ ಹೊಲಿದುಕೊಟ್ಟರು; ಅದೇ ಬಟ್ಟೆಯ ಮೂಲೆಯಲ್ಲಿ ಅವರ ಹೆಸರಿಗೊಂದು ಜಾಗ ಇರಲಿಲ್ಲವೇ?

ಮನಸ್ಸಿದ್ದರೆ ಇದು ಆಗುವ ಕೆಲಸ. ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್ ಘೆಟ್ಟೋದಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದ ಫ್ರೀಡಲ್ ಡಿಕರ್-ಬ್ರಾಂಡೈಸ್ ಪ್ರತಿ ಮಗುವಿನಿಂದಲೂ ಚಿತ್ರದ ಮೇಲೆ ಹೆಸರು ಬರೆಸುತ್ತಿದ್ದರು. 1944ರ ಅಕ್ಟೋಬರಿನಲ್ಲಿ ಅವರನ್ನು ಆಶ್‌ವಿಟ್ಜ್ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು. ಅವರು ಎರಡು ಸೂಟ್‌ಕೇಸುಗಳಲ್ಲಿ ಬಚ್ಚಿಟ್ಟುಹೋದ ಸುಮಾರು 4,500 ಚಿತ್ರಗಳು ಉಳಿದವು. ಆ ಮಕ್ಕಳಲ್ಲಿ ಹೆಚ್ಚಿನವರು ಬದುಕಲಿಲ್ಲ. ಆದರೂ ಹೆಚ್ಚಿನ ಚಿತ್ರಗಳು ಯಾರವೆಂದು ಇಂದಿಗೂ ಹೇಳಬಹುದು. ಸಾವಿನ ಬಾಯಲ್ಲಿ ಕುಳಿತ ಒಬ್ಬ ಮೇಷ್ಟರಮ್ಮನಿಂದ ಆದದ್ದು, ದೀಪ, ಗಾಜು, ಕಾವಲು ಎಲ್ಲವೂ ಇರುವವರಿಂದ ಏಕೆ ಆಗದು?

ಆ ಶಿಬಿರಗಳಿಂದ ಬಂದು ನೆಲೆಸಿದ ಹ್ಮಾಂಗ್ ಅಜ್ಜಿಯರು ಇದೇ ಸೇಂಟ್ ಪಾಲ್‌ನಲ್ಲಿದ್ದಾರೆ. ಅವರನ್ನು ಕರೆಸಿ, ಬಟ್ಟೆಗಳನ್ನು ಮುಂದೆ ಹರಡಿ, ಯಾರ ಕೈಕೆಲಸವೆಂದು ಕೇಳಿ ಎಂದು ಆಯೋಜಕರಿಗೆ ಇಂದೇ ಪತ್ರ ಬರೆದಿದ್ದೇನೆ. ಉತ್ತರ ಬಾರದಿದ್ದರೆ ಮತ್ತೊಮ್ಮೆ ಬರೆಯುತ್ತೇನೆ. ಈ ಊರಿನಲ್ಲಿರುವ ಕನ್ನಡದ ಗೆಳೆಯರೂ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.