ಕ್ರಾಸಿನಲ್ಲಿ ಇಳಿಯುವವರು

ನಮ್ಮ ಬಂಧುವೊಬ್ಬರು ಬೆಂಗಳೂರಿನಿಂದ ಗೋಕರ್ಣಕ್ಕೆ ಬರುವ ದಾರಿಯನ್ನು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದನ್ನು ಮೊನ್ನೆ ಪಕ್ಕದಲ್ಲೇ ಕುಳಿತು ಕೇಳಬೇಕಾಯಿತು. ಶಿವಮೊಗ್ಗದ ಮೇಲೆ ಬಂದರೆ ಸಾಗರದಲ್ಲಿ ಚಹಾ ಕುಡಿಯಬಹುದು, ಆದರೆ ಗೇರುಸೊಪ್ಪೆ ಘಟ್ಟದ ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾದೀತು. ಹುಬ್ಬಳ್ಳಿಯ ಮೇಲೆ ಬಂದರೆ ಯಲ್ಲಾಪುರ ದಾಟಿ ಅರಬೈಲು ಘಟ್ಟ, ಶಿರಸಿಯ ಮೇಲೆ ಬಂದರೆ ದೇವಿಮನೆ ಘಟ್ಟ, ಮಳೆಗಾಲವಾದರೆ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೊರಡಬೇಕು, ಎಂದು ಅವರು ಸುಮಾರು 500 ಕಿಲೋಮೀಟರುಗಳನ್ನು ಒಂದು ತಿರುವನ್ನೂ ಬಿಡದೆ ವರ್ಣಿಸಿದರು. ಹೆದ್ದಾರಿಗೆ ಬಂದು ಮುಟ್ಟುತ್ತಿದ್ದಂತೆ ಅವರ ಉತ್ಸಾಹವೆಲ್ಲ ಇಳಿದುಹೋಯಿತು. “ಮಾದನಗೇರಿ ಕ್ರಾಸಿನಲ್ಲಿ ಇಳೀರಿ, ಅಲ್ಲಿಂದ ಎಂತಾದ್ರೂ ಸಿಕ್ತದೆ” ಎಂದು ಹೇಳಿ ಫೋನ್ ಇಟ್ಟರು.

ಈ ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಮಾದನಗೇರಿಯಿಂದ ಗೋಕರ್ಣಕ್ಕೆ ಉಳಿಯುವುದು ಸುಮಾರು ಹತ್ತು ಕಿಲೋಮೀಟರು. ರಾತ್ರಿಯಿಡೀ ಮಲಗಿ ಬಂದವನು ಕಣ್ಣುಜ್ಜಿಕೊಳ್ಳುತ್ತ, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ರಸ್ತೆಯ ಪಕ್ಕದ ಜಲ್ಲಿಯ ಮೇಲೆ ಇಳಿಯುತ್ತಾನೆ, ಬಸ್ಸು ಕಾರವಾರದ ಕಡೆಗೆ ಹೊರಟುಹೋಗುತ್ತದೆ, ಆಮೇಲೆ ಸಿಗುವುದು ಏನು, ಯಾವಾಗ, ಎಷ್ಟಕ್ಕೆ ಎಂಬುದನ್ನು ಯಾವ ಪುಣ್ಯಾತ್ಮನೂ ಹೇಳಿರುವುದಿಲ್ಲ. ಹೇಳುವವರೆಲ್ಲ ಊರಿನವರು, ಅವರಿಗೆ ಮನೆಯಿಂದ ಯಾರಾದರೂ ಬೈಕು ತಂದಿರುತ್ತಾರೆ.

ರೈಲಿನಲ್ಲಿ ಬಂದವರ ಪಾಡೂ ಇಷ್ಟೇ. ಕೊಂಕಣ ರೈಲು ಮಾರ್ಗ 1998ರ ಜನವರಿಯಲ್ಲಿ ಪೂರ್ತಿಯಾಗಿ ತೆರೆದಾಗ ಕರಾವಳಿಯ ಊರುಗಳೆಲ್ಲ ಇನ್ನು ಹತ್ತಿರವಾದವೆಂದು ನಾವು ಹಿಗ್ಗಿದ್ದು ನಿಜ. ಆದರೆ ಕಾರವಾರದ ನಿಲ್ದಾಣ ಶಿರವಾಡದಲ್ಲಿದೆ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿದೆ, ಬೈಂದೂರಿನ ಫಲಕದ ಮೇಲೆ ಮೂಕಾಂಬಿಕೆಯ ಹೆಸರಿದ್ದರೂ ಕೊಲ್ಲೂರು ತಲುಪಲು ಅಲ್ಲಿಂದ ಮತ್ತೆ 25 ಕಿಲೋಮೀಟರಿಗೂ ಹೆಚ್ಚು ಹೋಗಬೇಕು, ಇನ್ನು ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದವನು ಮಾದನಗೇರಿಯ ಆಸುಪಾಸಿನಲ್ಲೇ ಇಳಿದಂತಾಯಿತು. ಎಂಜಿನಿಯರರನ್ನು ಬೈದು ಪ್ರಯೋಜನವಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಸಮುದ್ರ ಸೇರುವಲ್ಲಿ ಸೆರಗು ಹರವಿಕೊಂಡು ಕೂರುತ್ತವೆ, ಸೇತುವೆ ಕಟ್ಟುವವರು ನದಿ ಕಿರಿದಾಗುವ ಕಡೆಗೆ ಒಳನಾಡಿಗೆ ಸರಿಯುತ್ತಾರೆ, ಸರಿದರೆ ಸಹ್ಯಾದ್ರಿಯ ಮೊಣಕೈಗಳು ಅಡ್ಡ ಬರುತ್ತವೆ. ಆ ಮಾರ್ಗದಲ್ಲಿ 90ಕ್ಕೂ ಹೆಚ್ಚು ಸುರಂಗಗಳಿರುವುದು ಸುಮ್ಮನೆ ಅಲ್ಲ. ಗಂಗಾವಳಿ ಮತ್ತು ಅಘನಾಶಿನಿಯ ಮುಖಗಳ ನಡುವೆ ಸಿಕ್ಕಿಕೊಂಡಿರುವ ಗೋಕರ್ಣ ಹೀಗೆ ಹೆದ್ದಾರಿಗೂ ರೈಲಿಗೂ ಒಟ್ಟಿಗೇ ತಪ್ಪಿಹೋಯಿತು. ಇದರಿಂದ ಊರಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಅದಕ್ಕೆ ಬರುವ ಮೊದಲು ಟೆಂಪೋದ ವಿಷಯ ಹೇಳಬೇಕು.

ಟೆಂಪೋ ಗಡಿಯಾರ ನೋಡಿ ಹೊರಡುವುದಿಲ್ಲ, ತಲೆ ಎಣಿಸಿ ಹೊರಡುತ್ತದೆ. ತಲೆ ಸಾಲದಿದ್ದಾಗ ಹೊರಡುವ ಅಭಿನಯವನ್ನು ಮಾಡುತ್ತದೆ. ಚಾಲಕ ಎಂಜಿನ್ ಚಾಲು ಮಾಡುತ್ತಾನೆ, ಹುಡುಗ ತಗಡನ್ನು ಎರಡು ಬಾರಿ ಬಡಿಯುತ್ತಾನೆ, ಗಾಡಿ ನಾಲ್ಕು ಮಾರು ಮುಂದೆ ಹೋಗುತ್ತದೆ, ಒಳಗಿದ್ದವರು ನಿಟ್ಟುಸಿರು ಬಿಟ್ಟು ಚೀಲಗಳನ್ನು ತೊಡೆಯ ಮೇಲೆ ಸರಿಪಡಿಸಿಕೊಳ್ಳುತ್ತಾರೆ, ಆಗ ಅದು ಅದೇ ನಾಲ್ಕು ಮಾರು ಹಿಂದಕ್ಕೆ ಬಂದು ಮೊದಲಿನ ಎಣ್ಣೆಕಲೆಯ ಮೇಲೆಯೇ ನಿಲ್ಲುತ್ತದೆ. ಇಳಿದು ಹೋಗೋಣವೆಂದರೆ ಕಿಟಕಿಯ ಪಕ್ಕದ ಜಾಗ ಹೋಗುತ್ತದೆ.

ಹೀಗೆ ಮುಂದೆ ಹಿಂದೆ ತೂಗುತ್ತಿದ್ದ ಒಂದು ಟೆಂಪೋದಲ್ಲಿ ನಾನು ಕುಳಿತಿದ್ದಾಗ, ಬಯಲುಸೀಮೆಯ ಕಡೆಯ ಒಂದು ಕುಟುಂಬ ಹತ್ತಿತು. ಎಲ್ಲರಿಗಿಂತ ಹಿರಿಯ ಮಗನ ಕೈಯಲ್ಲಿ ಕೆಂಪು ಬಟ್ಟೆಯಿಂದ ಬಾಯಿ ಕಟ್ಟಿದ ತಾಮ್ರದ ಚೊಂಬಿತ್ತು. ಗೋಕರ್ಣಕ್ಕೆ ಹಾಗೆ ಬರುವವರು ಹೊಸಬರೇನಲ್ಲ. ಆದರೆ ಟೆಂಪೋದ ಹುಡುಗ ಹೊಸಬನಿರಬೇಕು. ಸಾಮಾನನ್ನೆಲ್ಲ ಮೇಲೆ ಹಾಕುತ್ತಿದ್ದವನು ಅದೇ ವೇಗದಲ್ಲಿ ಚೊಂಬಿಗೂ ಕೈ ಚಾಚಿದ. “ಅದು ಸಾಮಾನಲ್ಲ, ನಮ್ಮಪ್ಪ” ಎಂದರು ಆ ಮಗ. ಹುಡುಗ ಒಂದು ಗಳಿಗೆ ತಬ್ಬಿಬ್ಬಾದ, ಆದರೆ ಕಸುಬು ಬಿಡಲಿಲ್ಲ: “ಹಾಗಾದ್ರೆ ಸೀಟಾಗ್ತದೆ, ಸೀಟಿಂದು ದುಡ್ಡು ಕೊಡ್ಬೇಕಾಗ್ತದೆ” ಎಂದ. ಗಾಡಿಯಲ್ಲಿ ಯಾರೂ ಉಸಿರಾಡಲಿಲ್ಲ. ಓಂ ಬೀಚಿಗೆ ಹೊರಟಿದ್ದ ಇಬ್ಬರು ತರುಣರು ಕಿವಿಯಿಂದ ಹಾಡನ್ನು ತೆಗೆದು ಅವರಿವರ ಮುಖ ನೋಡಿದರು. ಹಿಂದಿನ ಸೀಟಿನಲ್ಲಿ, ಮೀನು ಮಾರಿ ಬರಿ ಬುಟ್ಟಿಯೊಂದಿಗೆ ತದಡಿಗೆ ಮರಳುತ್ತಿದ್ದ ಹೆಂಗಸೊಬ್ಬಳು ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿ, “ತೊಡೆ ಮೇಲೆ ಕೂತವ್ರಿಗೆ ಎಲ್ಲಾದ್ರೂ ಟಿಕೇಟು ಉಂಟಾ ಮಾರಾಯಾ?” ಎಂದು ತೀರ್ಪು ಕೊಟ್ಟಳು. ಮಗನೇ ಮೊದಲು ನಕ್ಕರು, ಆಮೇಲೆ ಉಳಿದವರಿಗೂ ನಗಲು ಅಪ್ಪಣೆ ಸಿಕ್ಕಿತು. ಹುಡುಗನೂ ನಕ್ಕು ಒಪ್ಪಿಕೊಂಡ. ಆದರೆ ದುಡ್ಡು ಕೊಡದ ತಲೆ ಲೆಕ್ಕಕ್ಕೆ ಬಾರದಿದ್ದುದರಿಂದ ಒಬ್ಬರು ಕಡಿಮೆ ಬಿದ್ದರು, ಮತ್ತು ಆ ಇನ್ನೊಬ್ಬರಿಗಾಗಿ ನಾವೆಲ್ಲರೂ, ದಿವಂಗತರನ್ನೂ ಸೇರಿಸಿಕೊಂಡು, ಮುಂದಿನ ಬಸ್ಸು ಬರುವವರೆಗೂ ಆ ಬಿಸಿಲಿನಲ್ಲಿ ಕಾಯಬೇಕಾಯಿತು.

ಕುಮಟಾ ಕಡೆಯವರು ಇಷ್ಟೆಲ್ಲ ಕೇಳಿ, ನದಿ ದಾಟಿಸುವ ತಾರಿ ಇದೆಯಲ್ಲ, ಕ್ರಾಸಿನ ಗೊಡವೆ ಏಕೆ ಎನ್ನುತ್ತಾರೆ. ಅಘನಾಶಿನಿ ಊರಿನ ದಡದಲ್ಲಿ ನಿಂತರೆ ಎದುರಿಗೆ ತದಡಿಯ ಬೋಟುಗಳ ಬಣ್ಣ ಕಾಣುತ್ತದೆ. ಬೈಕನ್ನೂ ಹಲಗೆಯ ಮೇಲಿಂದ ಉರುಳಿಸಿ ದೋಣಿಗೆ ಏರಿಸಿಕೊಳ್ಳುತ್ತಾರೆ. ಮಿರ್ಜಾನದ ಕಡೆಯಿಂದ ಸುತ್ತುವುದು ತಪ್ಪುತ್ತದೆ. ನಾನೂ ಆ ದಾರಿಯನ್ನು ಮೆಚ್ಚುವವನೇ. ಆದರೆ ದೋಣಿಯವನೂ ತಲೆಯನ್ನೇ ಎಣಿಸುತ್ತಾನೆ, ಮತ್ತು ಅವನ ಎಣಿಕೆಗೆ ಭರತ ಇಳಿತಗಳೂ ಸೇರಿಕೊಳ್ಳುತ್ತವೆ.

ಸಿದ್ಧಾಂತದ ಮಾತು ಇರಲಿ, ಏಕೆಂದರೆ ಹಿಂದಿರುಗುವ ಸಂಕಟ ಇದಕ್ಕಿಂತ ದೊಡ್ಡದು. ಬರುವಾಗ ಕ್ರಾಸಿಗೆ ನಮ್ಮನ್ನು ಯಾರೋ ಇಳಿಸುತ್ತಾರೆ. ಹೋಗುವಾಗ ನಾವೇ ಹೋಗಿ ನಿಂತು, ಕಾರವಾರದ ಕಡೆಯಿಂದ ಬರುವ ರಾತ್ರಿಯ ಬಸ್ಸನ್ನು ಬೆಳಕಿನಿಂದಲೇ ಗುರುತಿಸಬೇಕು. ನಿಂತವರೆಲ್ಲ ಮೊಬೈಲಿನ ದೀಪ ಹಚ್ಚಿ ಬೀಸುವುದರಿಂದ ಯಾವ ಬಸ್ಸಿನವನಿಗೂ ತನ್ನ ಪ್ರಯಾಣಿಕರು ಯಾರೆಂದು ತಿಳಿಯುವುದಿಲ್ಲ, ಲಾರಿಯವರು ಮಾತ್ರ ಮರ್ಯಾದೆಯಿಂದ ಹಾರನ್ ಹಾಕಿ ಹೋಗುತ್ತಾರೆ. ಹಳಬರು ಇಂದಿಗೂ ಹದಿನೇಳು ಎಂದೇ ಕರೆಯುವ 66ನೇ ಹೆದ್ದಾರಿ ಕಿರಿದಾಗಿದ್ದಾಗ ನಾವು ಎಲ್ಲಿ ನಿಂತರೂ ಬಸ್ಸಿಗೆ ಕಾಣುತ್ತಿದ್ದೆವು, ಕಾಣದಿದ್ದರೆ ಓಡಿ ಅಡ್ಡ ನಿಲ್ಲಬಹುದಿತ್ತು. ಈಗ ಅದು ಚತುಷ್ಪಥವಾಗಿ ನಡುವೆ ವಿಭಜಕ ಎದ್ದಿದೆ. ಹೇಳಿದ ಹೊತ್ತು ಕಳೆದು ಬಹಳವಾದ ಮೇಲೆ ಚಾಲಕನ ಫೋನು ಬರುತ್ತದೆ. “ಎಲ್ಲಿದ್ದೀರಿ?” ಕ್ರಾಸಿನಲ್ಲಿ. “ಕ್ರಾಸಿನಲ್ಲೇ ನಾನೂ ಇದ್ದೇನೆ, ನೀವು ಯಾವ ಕಡೆ?” ಆ ಹೊತ್ತಿಗೆ ಬಸ್ಸಿನ ಹಿಂಬದಿಯ ಕೆಂಪು ದೀಪ ವಿಭಜಕದ ಆಚೆ ಬದಿಯಲ್ಲಿ ಮಿನುಗುತ್ತಿರುತ್ತದೆ, ಮತ್ತು ಚೀಲ, ತೀರ್ಥದ ಬಾಟಲಿ, ನಿದ್ದೆಗಣ್ಣಿನ ಮಗು ಇಷ್ಟನ್ನೂ ಎತ್ತಿಕೊಂಡು ಆ ಗೋಡೆಯನ್ನು ಹತ್ತಿ ಇಳಿಯುವ ಉಪಾಯವನ್ನು ಫೋನಿನಲ್ಲಿ ಹೇಳಲು ಚಾಲಕನಿಗೆ ಪುರಸೊತ್ತಿರುವುದಿಲ್ಲ.